ಹುಣಸೆಕುಂಟೆಯ ದಂಡ

ನರೇಶನಿಗೆ ಖಾಯಂ ನೌಕರಿ ಇರಲಿಲ್ಲ. ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಐದು ವರ್ಷದಿಂದ ಅತಿಥಿ ಉಪನ್ಯಾಸಕನಾಗಿ ಇತಿಹಾಸ ಪಾಠ ಮಾಡುತ್ತಿದ್ದ. ಬೇಸಿಗೆ ರಜೆಗೆ ಸಂಬಳ ನಿಲ್ಲುತ್ತಿತ್ತು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಿತ್ತು. ಆ ವರ್ಷ ಸರ್ಕಾರಿ ಉಪನ್ಯಾಸಕರ ಪರೀಕ್ಷೆ ಬರೆದು ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಇನ್ನು ದಾಖಲೆ ಪರಿಶೀಲನೆ ಮತ್ತು ಪೊಲೀಸ್ ವರದಿ ಮಾತ್ರ ಬಾಕಿ. ಅಷ್ಟರಲ್ಲಿ ಅವನ ಊರು ಹುಣಸೆಕುಂಟೆ ಪಕ್ಕದ ಊರಾದ ಕರಿಬಂಡೆಯ ಮೇಲೆ ಜಗಳಕ್ಕೆ ಹೋಗಿ ಸೋತಿತು.

ಜಗಳ ಕೆರೆಯ ಹೂಳಿನದು. ಎರಡು ಊರಿಗೂ ಒಂದೇ ಕೆರೆ. ಕೆರೆ ಒಣಗಿದಾಗ ಎರಡೂ ಊರಿನವರು ತಮ್ಮ ತಮ್ಮ ಕಡೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆದುಕೊಳ್ಳುವುದು ವಾಡಿಕೆ. ಕರಿಬಂಡೆಯವರು ಜೆಸಿಬಿ ತಂದು ಗಡಿ ದಾಟಿ ತೋಡಿ ಇಟ್ಟಿಗೆ ಗೂಡಿಗೆ ಮಾರಿದರು ಎಂಬುದು ಹುಣಸೆಕುಂಟೆಯ ದೂರು. ಅದು ನಿಜವೂ ಇರಬಹುದು. ಆದರೆ ಹುಣಸೆಕುಂಟೆಯ ಹುಡುಗರು ದೊಣ್ಣೆ ಹಿಡಿದು ಕರಿಬಂಡೆಗೆ ನುಗ್ಗಿದ್ದು, ಅಲ್ಲಿನ ಯಜಮಾನ ಮುನಿಸ್ವಾಮಿಯ ಟ್ರ್ಯಾಕ್ಟರಿಗೆ ಬೆಂಕಿಯಿಟ್ಟದ್ದು, ಪಿಳ್ಳಮ್ಮ ಎಂಬುವವಳ ಚಿಲ್ಲರೆ ಅಂಗಡಿ ಒಡೆದದ್ದು ಮಾತ್ರ ಖಂಡಿತ ನಿಜ. ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿಕೊಂಡವರು ಹುಣಸೆಕುಂಟೆಯ ಹುಡುಗರೇ. ಅರ್ಧ ಗಂಟೆಯಲ್ಲಿ ಕರಿಬಂಡೆಯ ಜನ ಒಟ್ಟಾಗಿ ಅವರನ್ನು ಕೆರೆ ಏರಿಯುದ್ದಕ್ಕೂ ಅಟ್ಟಿಸಿಕೊಂಡು ಬಂದರು. ಇಬ್ಬರ ಕೈ ಮುರಿಯಿತು. ಉಳಿದವರು ಹೊಲಗಳಲ್ಲಿ ಅಡಗಿದರು.

ದೂರು ಕೊಡುವಾಗ ಕರಿಬಂಡೆಯವರು ತಮಗೆ ಹೆಸರು ಗೊತ್ತಿದ್ದ ಹುಣಸೆಕುಂಟೆಯ ಗಂಡಸರನ್ನೆಲ್ಲ ಬರೆಸಿದರು. ನರೇಶ ಆ ಹೊತ್ತಿನಲ್ಲಿ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ. ಅವನ ಹೆಸರೂ ಇತ್ತು.

"ನಾನು ಊರಲ್ಲೇ ಇರ್ಲಿಲ್ಲ ಸಾರ್," ಎಂದು ಠಾಣೆಯಲ್ಲಿ ಹೇಳಿದ.

"ಅದನ್ನ ಕೋರ್ಟಲ್ಲಿ ಹೇಳಪ್ಪಾ. ಕೇಳ್ತಾರೆ. ನಾಲ್ಕೈದು ವರ್ಷ ಆಗ್ತದೆ, ಅಷ್ಟೇ," ಎಂದ ಪೇದೆ.

ಆಯ್ಕೆ ಪಟ್ಟಿ ನಾಲ್ಕೈದು ವರ್ಷ ಕಾಯುವುದಿಲ್ಲ. ಕರಿಬಂಡೆಯವರು ರಾಜಿಗೆ ಒಪ್ಪಿ ಹೇಳಿಕೆ ಕೊಟ್ಟರೆ ಕೇಸು ಬೇಗ ಮುಗಿಯುತ್ತದೆ ಎಂದು ವಕೀಲರು ಹೇಳಿದರು. ರಾಜಿ ಆಗಬೇಕಾದರೆ ಹಿರಿಯರು ಕೂತು ತೀರ್ಮಾನ ಹೇಳುವ ನ್ಯಾಯ ಸೇರಬೇಕು. ಎರಡು ಊರೂ ನೇರವಾಗಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಹೊರಗಿನವರು ಬಂದರು. ತೂಬಗೆರೆಯಿಂದ ಗಂಗಣ್ಣ ಎಂಬ ಹಿರಿಯ, ಮಧುರೆ ಕಡೆಯಿಂದ ಇನ್ನಿಬ್ಬರು. ಯಾವ ಊರಿಗೂ ಸೇರದ ಜಾಗ ಬೇಕೆಂದು ಘಾಟಿ ರಸ್ತೆಯ ಒಂದು ಛತ್ರವನ್ನು ಗೊತ್ತುಮಾಡಿದರು.

ಹುಣಸೆಕುಂಟೆಯ ಪರವಾಗಿ ನಿಲ್ಲಬೇಕಾದವನು ಯಜಮಾನ ಚಿಕ್ಕವೆಂಕಟಪ್ಪ. ನರೇಶನಿಗೆ ವರಸೆಯಲ್ಲಿ ದೊಡ್ಡಪ್ಪ. ಎಪ್ಪತ್ತು ದಾಟಿತ್ತು. "ಓದಿರೋನು ಒಬ್ಬ ಪಕ್ಕದಲ್ಲಿರ್ಲಿ" ಎಂದು ಊರವರು ನರೇಶನನ್ನೂ ಕಳಿಸಿದರು. ನರೇಶ ಹೈಸ್ಕೂಲಿನಿಂದ ಎಂ.ಎ. ತನಕ ಹಾಸ್ಟೆಲಿನಲ್ಲಿ ಬೆಳೆದವನು. ಊರಿನ ನ್ಯಾಯ ಸೇರಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಮಾತು ಮೂರು ಗಂಟೆ ನಡೆಯಿತು. ಬೈದಾಟವೆಲ್ಲ ಮುಗಿದ ಮೇಲೆ ಗಂಗಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಟ್ರ್ಯಾಕ್ಟರ್ ಸುಟ್ಟವ್ರೆ. ಅಂಗಡಿ ಒಡೆದವ್ರೆ. ಹೆಂಗಸರು ಮಕ್ಕಳು ಇರೋ ಬೀದಿಗೆ ದೊಣ್ಣೆ ತಗೊಂಡ್ ನುಗ್ಗವ್ರೆ. ತಪ್ಪು ಹುಣಸೆಕುಂಟೇದು. ಮೂವತ್ತು ಲಕ್ಷ ದಂಡ."

 ಚಿಕ್ಕವೆಂಕಟಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದ. ಮೊಣಕಾಲು ಹಿಡಿದುಕೊಂಡು ಏಳಲು ಹೊರಟ. ಈ ಮುದುಕನನ್ನು ಅಷ್ಟು ಜನರ ನಡುವೆ ಕಾಲಿಗೆ ಬೀಳಿಸುತ್ತಾರೆ ಎಂದು ನರೇಶನಿಗೆ ಹೊಳೆಯಿತು. ಅವನು ದೊಡ್ಡಪ್ಪನ ತೋಳು ಹಿಡಿದು ಕೂರಿಸಿ ತಾನೇ ಎದ್ದು ನಿಂತ.

"ಒಪ್ಪಿದೀವಿ," ಎಂದ. "ಆದ್ರೆ ಒಂದೇ ಸಲಕ್ಕೆ ಆಗಲ್ಲ. ಕಂತಿನ ಮೇಲೆ ಕೊಡ್ತೀವಿ. ಕೊಟ್ಟ ಮೇಲೆ ಕೇಸ್ ರಾಜಿ ಮಾಡ್ಕೊಡ್ಬೇಕು. ಬರವಣಿಗೇಲಿ ಆಗ್ಲಿ."

 ಕರಿಬಂಡೆಯ ಮುನಿಸ್ವಾಮಿ ಏನೋ ಹೇಳಲು ಬಾಯಿ ತೆರೆದಿದ್ದವನು ಮುಚ್ಚಿಕೊಂಡ. ಗಂಗಣ್ಣ ಚಿಕ್ಕವೆಂಕಟಪ್ಪನ ಮುಖ ನೋಡಿದ. ಚಿಕ್ಕವೆಂಕಟಪ್ಪ ನೆಲ ನೋಡಿದ.

"ಊರ ಮಾತೇನಪ್ಪಾ ಇದು?" ಎಂದು ಗಂಗಣ್ಣ ಕೇಳಿದ.

"ಊರ ಮಾತೇ," ಎಂದ ನರೇಶ.

ಊರ ಪರವಾಗಿ ಎದ್ದು ನಿಂತವನ ಮಾತನ್ನು ಊರೇ ಅಲ್ಲಗಳೆದರೆ ನ್ಯಾಯ ಮುರಿದ ಹಾಗೆ. ಹಾಗಾಗಿ ಯಾರೂ ಅಲ್ಲಗಳೆಯಲಿಲ್ಲ. ಛಾಪಾ ಕಾಗದ ತರಿಸಿದರು. ಮೊದಲು ಐದು ಲಕ್ಷ, ಆಮೇಲೆ ದೀಪಾವಳಿಗೆ ಹತ್ತು, ಯುಗಾದಿಗೆ ಹದಿನೈದು. ನರೇಶನ ಕೈಬರಹ ಚೆನ್ನಾಗಿತ್ತು. ಅವನೇ ಬರೆದ.

ಊರಿಗೆ ವಾಪಸು ಬರುವಾಗ ಆಟೋದಲ್ಲಿ ಚಿಕ್ಕವೆಂಕಟಪ್ಪ ಸೊಂಟದ ಟವೆಲ್ ಬಿಚ್ಚಿ ಮತ್ತೆ ಹೆಗಲಿಗೆ ಹಾಕಿಕೊಂಡ. ನಂತರ ಕೇಳಿದ:

"ಲೇ ನರೇಶ, ನನ್ನ ಯಾಕ್ಲಾ ಕೂರಿಸ್ದೆ?"

"ಅವರ ಕಾಲಿಗೆ ನೀನ್ಯಾಕ್ ಬೀಳ್ಬೇಕು ದೊಡ್ಡಪ್ಪ?"

"ಅವರ ಕಾಲಿಗಲ್ಲ ಕಣ್ಲಾ, ದೈವದ ಕಾಲಿಗೆ. ಸೇರಿರೋ ಜನಕ್ಕೆ. ತಪ್ಪಾಯ್ತು ಅಂತ ಬೀಳೋದು. ಆಗ ಅವರು ಹತ್ತು ಬಿಟ್ಟೋ ಅಂತಾರೆ. ಇನ್ನೊಂದ್ ಸಲ ಬೀಳೋದು. ಇನ್ನೂ ಹತ್ತು ಬಿಡ್ತಾರೆ. ಕೊನೆಗೆ ಎರಡೋ ಮೂರೋ ಉಳೀತದೆ. ಅದನ್ನ ಕೊಟ್ಟು ಎಲೆ ಅಡಿಕೆ ಹಾಕ್ಕೊಂಡು ಎದ್ದು ಬರೋದು."

"ಮತ್ತೆ ಮೂವತ್ತು ಅಂದಿದ್ದು?"

"ಮೂವತ್ತು ಅನ್ದೇ ಇದ್ರೆ ಬಿಡೋದು ಏನನ್ನ? ಮುನಿಸ್ವಾಮಿ ಟ್ರ್ಯಾಕ್ಟರ್‌ಗೆ ಮೂರು ಲಕ್ಷ ಯಾವೋನೂ ಕೊಡಲ್ಲ. ಅಷ್ಟು ಹಳೇದು."

"ಅಲ್ಲೇ ಹೇಳೋದಲ್ವಾ ನನಗೆ?"

"ಎದ್ದು ನಿಂತು ಒಪ್ಪಿದೀವಿ ಅಂದ್‌ಬಿಟ್ಟೆಯಲ್ಲ ಮೇಷ್ಟ್ರೇ. ಇನ್ನೇನ್ ಹೇಳ್ಲಿ?"

ಹುಣಸೆಕುಂಟೆಯಲ್ಲಿ ನಲವತ್ತೆಂಟು ಮನೆ. ಮೊದಲ ಕಂತಿಗೆ ಮನೆಗೆ ಹತ್ತು ಸಾವಿರದ ಮೇಲೆ ಬಿತ್ತು. ಜಗಳಕ್ಕೆ ಹೋದ ಮನೆ, ಹೋಗದ ಮನೆ ಎಂಬ ಭೇದ ಮಾಡಲಿಲ್ಲ. ಊರು ಒಪ್ಪಿದ ದಂಡವನ್ನು ಊರೇ ಕಟ್ಟಬೇಕು. ಹೆಂಗಸರ ಸಂಘಗಳಿಂದ ಸಾಲ ತೆಗೆದರು. ಐದು ಲಕ್ಷವನ್ನು ಕರಿಬಂಡೆಗೆ ಒಯ್ದು ಕೊಟ್ಟು ಬಂದರು. ದೀಪಾವಳಿಯ ಹತ್ತು ಲಕ್ಷ ಹುಟ್ಟಲಿಲ್ಲ. ಗಂಗಣ್ಣನನ್ನು ಮಧ್ಯೆ ಇಟ್ಟುಕೊಂಡು ಒಂದು ತಿಂಗಳ ಗಡುವು ಕೇಳಿದರು. ಕರಿಬಂಡೆಯವರು ಕೊಟ್ಟರು. ಆ ತಿಂಗಳೂ ಮುಗಿಯಿತು.

ಆಗ ಕರಿಬಂಡೆಯವರು ಹಾಲು ನಿಲ್ಲಿಸಿದರು.

ಹುಣಸೆಕುಂಟೆಗೆ ಸ್ವಂತ ಡೈರಿ ಇರಲಿಲ್ಲ. ಎರಡು ಊರಿನ ಹಾಲೂ ಕರಿಬಂಡೆಯ ಡೈರಿಗೇ ಹೋಗಬೇಕು. ಒಂದು ಬೆಳಗ್ಗೆ ಹುಣಸೆಕುಂಟೆಯ ಹೆಂಗಸರು ಕ್ಯಾನು ಹಿಡಿದು ಹೋದಾಗ ಡೈರಿಯ ಬಾಗಿಲಲ್ಲಿ ಹತ್ತು ಜನ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಬೈಯಲಿಲ್ಲ, ಕೈ ಮಾಡಲಿಲ್ಲ. "ನಿಮ್ಮ ಹಾಲಲ್ಲಿ ಫ್ಯಾಟ್ ಇಲ್ವಂತೆ ಕಣ್ರಮ್ಮ" ಎಂದಷ್ಟೇ ಹೇಳಿದರು. ಮೂರು ದಿನ ಹಾಗೇ ಆಯಿತು. ಹುಣಸೆಕುಂಟೆಯ ಮನೆಗಳಲ್ಲಿ ಹಾಲು ಕರುಗಳಿಗೆ ಹೋಯಿತು, ಮೊಸರಾಯಿತು, ಉಳಿದದ್ದು ಚರಂಡಿಗೆ ಹೋಯಿತು. ಕೆಲವರು ಸ್ಕೂಟರಿನಲ್ಲಿ ದೊಡ್ಡಬಳ್ಳಾಪುರದ ಹೋಟೆಲುಗಳಿಗೆ ಒಯ್ದು ಅರ್ಧ ದರಕ್ಕೆ ಕೊಟ್ಟರು.

ನರೇಶನ ತಾಯಿ ಲಕ್ಷ್ಮೀದೇವಮ್ಮನಿಗೆ ಎರಡು ಸೀಮೆಹಸು ಇದ್ದವು. ನರೇಶನ ಬೇಸಿಗೆ ರಜೆಗಳನ್ನು ದಾಟಿಸುತ್ತಿದ್ದದ್ದು ಅವೇ.

"ಜಗಳಕ್ಕೆ ಹೋದೋರು ಗಂಡಸ್ರು. ನ್ಯಾಯಕ್ಕೆ ಹೋದೋರು ಗಂಡಸ್ರು," ಎಂದಳು ಅವಳು. "ಅವರು ಬಂದು ನಿಲ್ಸಿದ್ದು ನಮ್ಮ ಹಾಲ್ನ. ನಿನ್ನ ಪುಸ್ತಕದಲ್ಲೂ ಇಂಗೇನೇನಪ್ಪಾ?"

 ಪುಸ್ತಕದಲ್ಲೂ ಹಾಗೇ ಇತ್ತು. ಆ ವಾರ ಅವನು ಎರಡನೇ ಬಿ.ಎ. ತರಗತಿಗೆ ಅದನ್ನೇ ಪಾಠ ಮಾಡುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಗೆದ್ದ ದೇಶಗಳಿಗೆ ಪರಿಹಾರ ಕೊಡಬೇಕಿತ್ತು. ೧೯೨೧ರಲ್ಲಿ ಮೊತ್ತ ನಿಗದಿಯಾಯಿತು: ಹದಿಮೂರು ಸಾವಿರದ ಇನ್ನೂರು ಕೋಟಿ ಚಿನ್ನದ ಮಾರ್ಕು. ಕಂತು ತಪ್ಪಿತು. ೧೯೨೩ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ಕಲ್ಲಿದ್ದಲು ಸೀಮೆಯಾದ ರೂರ್ ಪ್ರಾಂತ್ಯಕ್ಕೆ ಬಂದು ಕೂತವು.

ಅವನು ಬೋರ್ಡಿನ ಮೇಲೆ ಮೊತ್ತವನ್ನು ಮೂರು ಭಾಗವಾಗಿ ಬರೆದ. ಜರ್ಮನಿ ಮೂರು ಬಗೆಯ ಸಾಲಪತ್ರ ಕೊಡಬೇಕಿತ್ತು. ಮೂರನೆಯ ಬಗೆಯದೇ ಎಂಟು ಸಾವಿರದ ಇನ್ನೂರು ಕೋಟಿ. ಅದನ್ನು ಜರ್ಮನಿ ತೀರಿಸುತ್ತದೆ ಎಂಬ ನಂಬಿಕೆ ಮೊತ್ತ ಬರೆದವರಿಗೂ ಇದ್ದಂತಿಲ್ಲ ಎಂದು ವಿವರಿಸಿದ.

ಮುಂದಿನ ಬೆಂಚಿನ ಅರ್ಪಿತ ಕೈ ಎತ್ತಿದಳು. "ಸಾರ್, ಕೊಡಲ್ಲ ಅಂತ ಗೊತ್ತಿದ್ಮೇಲೆ ಅಷ್ಟೊಂದು ಯಾಕ್ ಬರೆದ್ರು?"

"ಗೆದ್ದ ದೇಶದ ಜನಕ್ಕೆ ತೋರಿಸ್ಬೇಕಲ್ಲಮ್ಮ. ಕಡಿಮೆ ಬರೆದ್ರೆ ಅವರು ಸರ್ಕಾರಾನ ಬಿಡ್ತಾರಾ?"

"ಹಂಗಾದ್ರೆ ಅದು ಸುಮ್ನೆ ನಂಬರ್."

"ಹೂಂ. ಸುಮ್ನೆ ನಂಬರ್," ಎಂದ ನರೇಶ.  ಐದು ವರ್ಷದಿಂದ ಇದೇ ಪಾಠ ಮಾಡಿದ್ದ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಇದು.

ಸಂಜೆ ಅವನು ಬಸ್ಸು ಹತ್ತಿ ತೂಬಗೆರೆಗೆ ಹೋದ. ಗಂಗಣ್ಣ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ.

"ಇನ್ನೊಂದ್ ಸಲ ನ್ಯಾಯ ಸೇರ್ಸಿ," ಎಂದ ನರೇಶ. "ದೊಡ್ಡಪ್ಪ ಬೇಡ. ನಾನೇ ಬೀಳ್ತೀನಿ. ನೂರು ಸಲ ಬೇಕಾದ್ರೂ ಬೀಳ್ತೀನಿ."

ಗಂಗಣ್ಣ ನಕ್ಕ. "ಕೂತ್ಕೋ. ಕಾಫಿ ಕುಡೀತೀಯಾ?"

"ಮೂವತ್ತು ಕೊಡೋಕಾಗಲ್ಲ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು."

"ಗೊತ್ತು. ಎಲ್ಲಾರ್ಗೂ ಗೊತ್ತಿತ್ತು. ಆದ್ರೆ ನೋಡು, ಅವತ್ತು ಬಿದ್ದಿದ್ರೆ ತಪ್ಪಿಗೆ ಬಿದ್ದಂಗಾಗೋದು. ಈಗ ಬಿದ್ರೆ ದುಡ್ಡಿಗೆ ಬಿದ್ದಂಗಾಯ್ತದೆ. ಅದಕ್ಕೆ ಯಾರೂ ಏನೂ ಬಿಡಲ್ಲ."

"ಮುನಿಸ್ವಾಮಣ್ಣನ್ನ ಒಂದ್ ಮಾತು ಕೇಳಿ ನೋಡಿ."

"ಕೇಳಿದೀನಿ ಕಣಪ್ಪಾ. ಏನಂದ ಗೊತ್ತಾ? ಅವತ್ತು ಇಪ್ಪತ್ತೇಳು ಬಿಡಕ್ಕೆ ಬಂದಿದ್ದೆ, ಆ ಮೇಷ್ಟ್ರು ಒಪ್ಪಿದೀವಿ ಅಂದ್ಬಿಟ್ಟ, ಈಗ ಊರ ಜನ ಆ ಮೂವತ್ತನ್ನ ಆಗ್ಲೇ ಖರ್ಚು ಮಾಡವ್ರೆ, ಬಿಟ್ರೆ ನನ್ನ ಊರು ಬಿಡಿಸ್ತಾರೆ ಅಂದ. ಅಲ್ಲಿ ಸಮುದಾಯ ಭವನ ಕಟ್ತಾವ್ರೆ. ದೊಡ್ಡಬಳ್ಳಾಪುರದ ಭಾನುಪ್ರಕಾಶ ಇಲ್ವಾ, ಲೇಔಟ್ ಮಾಡೋನು? ಅವನ ಹತ್ರ ಸಾಲದ ಮೇಲೆ."

ನರೇಶ ಕಾಫಿ ಕುಡಿದು ಎದ್ದ. ಬಸ್ಸಿನಲ್ಲಿ ಕೂತು ಪಾಠದ ಮುಂದಿನ ಭಾಗ ನೆನಪಿಸಿಕೊಂಡ. ೧೯೨೪ರಲ್ಲಿ ಹೊರಗಿನ ತಜ್ಞರು ಕೂತು ಒಂದು ಯೋಜನೆ ಮಾಡಿದರು. ಜರ್ಮನಿಗೆ ಎಂಬತ್ತು ಕೋಟಿ ಮಾರ್ಕು ಹೊರದೇಶದ ಸಾಲ, ಬಹುಪಾಲು ಅಮೆರಿಕದ್ದು. ಜಾಮೀನಿಗೆ ರೈಲ್ವೆಯ ಆದಾಯ. ಜರ್ಮನಿ ಫ್ರಾನ್ಸಿಗೂ ಬ್ರಿಟನ್ನಿಗೂ ಕೊಡುವುದು, ಅವರು ತಮ್ಮ ಯುದ್ಧದ ಸಾಲಕ್ಕೆ ಅಮೆರಿಕಕ್ಕೆ ಕೊಡುವುದು. ಸೇನೆ ವಾಪಸು ಹೋಯಿತು. ಕೆಲವು ವರ್ಷ ಎಲ್ಲರಿಗೂ ನೆಮ್ಮದಿ. ಆ ಸಾಲ ಆಮೇಲೆ ಏನಾಯಿತು ಎಂಬುದು ಮುಂದಿನ ವಾರದ ಪಾಠ. ನರೇಶನಿಗೆ ಅದು ಗೊತ್ತಿತ್ತು. ಆದರೆ ದಾಖಲೆ ಪರಿಶೀಲನೆ ಏಪ್ರಿಲ್‌ನಲ್ಲಿತ್ತು. ಅವನಿಗೆ ಬೇಕಿದ್ದ ನೆಮ್ಮದಿ ಏಪ್ರಿಲ್ ತನಕದ್ದು.

ಜನವರಿಯಲ್ಲಿ ದೊಡ್ಡಬಳ್ಳಾಪುರದ ಒಂದು ಹೋಟೆಲಿನ ಮಹಡಿಯಲ್ಲಿ ಎಲ್ಲರೂ ಸೇರಿದರು. ಗಂಗಣ್ಣ, ಮಧುರೆ ಕಡೆಯ ಇಬ್ಬರು, ಮುನಿಸ್ವಾಮಿ, ಚಿಕ್ಕವೆಂಕಟಪ್ಪ, ನರೇಶ. ಭಾನುಪ್ರಕಾಶ ಕೊನೆಗೆ ಬಂದ. ನಲವತ್ತರ ಆಸುಪಾಸು, ಬಿಳಿ ಅಂಗಿ, ಎರಡು ಫೋನು. ಎಲ್ಲರಿಗೂ ಮಸಾಲೆದೋಸೆ ಹೇಳಿದ.

"ಲೆಕ್ಚರರ್ ಸಾಹೇಬ್ರು ಫೋನಲ್ಲಿ ಎಲ್ಲಾ ಹೇಳಿದ್ರು," ಎಂದ. "ಸಿಂಪಲ್ ಗುರು. ಇಪ್ಪತ್ತೈದು ಲಕ್ಷ ನಾನು ಹುಣಸೆಕುಂಟೆಗೆ ಕೊಡ್ತೀನಿ. ಅವರು ಕರಿಬಂಡೆಗೆ ಕೊಡ್ತಾರೆ. ಹಾಲು ಓಪನ್. ಕೇಸು ಕ್ಲೋಸು."

"ಬಡ್ಡಿ?" ಎಂದ ಚಿಕ್ಕವೆಂಕಟಪ್ಪ.

"ಎರಡೂವರೆ ಯಜಮಾನ್ರೇ. ನಿಮ್ಮ ಮುಖ ನೋಡ್ಕೊಂಡು ಎರಡೂವರೆ."

"ತಿಂಗಳಿಗಾ?"

"ಮತ್ತೆ ವರ್ಷಕ್ಕಾ? ನಾನೇನು ಬ್ಯಾಂಕಾ?"

ಹುಣಸೆಕುಂಟೆಯ ಹಾಲಿಗೆ ಡೈರಿ ಕೊಡುವ ಬಟವಾಡೆಯಲ್ಲಿ ಅರ್ಧ, ಹದಿನೈದು ದಿನಕ್ಕೊಮ್ಮೆ, ಭಾನುಪ್ರಕಾಶನಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ಅರ್ಧ ಹೋದರೆ ಹಿಂಡಿ ಬೂಸಾಕ್ಕೆ ಸಾಲದು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಹಸು ಇತ್ತು. ಹೇಳಿದವರು ಯಾರೂ ಇಲ್ಲ. ಹಸುವಿನ ಲೆಕ್ಕ ನೋಡಿಕೊಳ್ಳುವವರು ಹೆಂಗಸರು, ಅವರನ್ನು ಯಾರೂ ಕರೆದಿರಲಿಲ್ಲ.

"ಇನ್ನೊಂದು," ಎಂದ ಭಾನುಪ್ರಕಾಶ. "ಹಸು ಸಾಯ್ಬೋದು. ಒಂದು ಜಾಮೀನು ಬೇಕು. ಯಜಮಾನ್ರದ್ದು ಮೇನ್ ರೋಡ್ ಪಕ್ಕ ಹನ್ನೆರಡು ಗುಂಟೆ ಐತಲ್ಲ."

ಎಲ್ಲರೂ ಚಿಕ್ಕವೆಂಕಟಪ್ಪನನ್ನು ನೋಡಿದರು. ಅವನು ದೋಸೆ ಮುಟ್ಟಿರಲಿಲ್ಲ. ನರೇಶನ ಕಡೆ ತಿರುಗಿದ.

"ಏನಂತೀಯ ಮೇಷ್ಟ್ರೇ? ಓದಿರೋನು ನೀನು."

ಬೇಡ ಎನ್ನಲು ನರೇಶನಿಗೆ ಅರ್ಧ ನಿಮಿಷ ಸಮಯವಿತ್ತು. ಆ ಅರ್ಧ ನಿಮಿಷ ಅವನು ಲೋಟದ ನೀರು ಕುಡಿದ.

"ತೀರಿಸಿಬಿಡ್ತೀವಿ ದೊಡ್ಡಪ್ಪ," ಎಂದ ಆಮೇಲೆ.

ಚಿಕ್ಕವೆಂಕಟಪ್ಪ ಸಹಿ ಮಾಡಿದ. ಭಾನುಪ್ರಕಾಶ ಚೀಲದಿಂದ ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಚಿಕ್ಕವೆಂಕಟಪ್ಪ ಅವನ್ನು ಎರಡು ಕೈಯಿಂದ ಮುನಿಸ್ವಾಮಿಯ ಕಡೆ ದೂಡಿದ. ಮುನಿಸ್ವಾಮಿ ಅವನ್ನು ಎಣಿಸದೆ ಭಾನುಪ್ರಕಾಶನ ಕಡೆಗೇ ದೂಡಿದ.

"ಭವನದ ಬಾಕಿ," ಎಂದ. "ಇದರಲ್ಲಿ ಹಿಡ್ಕೊಳ್ಳಿ. ಇನ್ನೂ ಎರಡು ಕೊಡ್ಬೇಕಾಯ್ತದೆ ನಾವು."

ಭಾನುಪ್ರಕಾಶ ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡ. ದುಡ್ಡು ಮೇಜು ಬಿಟ್ಟು ಇಳಿಯಲೇ ಇಲ್ಲ. ಮಧುರೆಯ ಒಬ್ಬನಿಗೆ ನಗು ತಡೆಯಲಾಗಲಿಲ್ಲ. "ಚೀಲಕ್ಕೆ ಊಟ ಮಾಡ್ಸಿದ್ದಾಯ್ತು ಬಿಡಿ" ಎಂದ. ಎಲ್ಲರೂ ನಕ್ಕರು, ಮುನಿಸ್ವಾಮಿಯೂ ನಕ್ಕ. ಚಿಕ್ಕವೆಂಕಟಪ್ಪ ಮಾತ್ರ ದೋಸೆ ಮುರಿಯತೊಡಗಿದ. ಅದು ಆರಿಹೋಗಿತ್ತು.

ಮಾರನೇ ದಿನದಿಂದ ಡೈರಿಯಲ್ಲಿ ಹಾಲು ತೆಗೆದುಕೊಂಡರು.

ರಾಜಿ ಹೇಳಿಕೆಗೆ ಪಿಳ್ಳಮ್ಮನ ಸಹಿಯೂ ಬೇಕಿತ್ತು. ನರೇಶ ಅವಳ ಅಂಗಡಿಗೆ ಹೋದ. ಒಡೆದ ಗಾಜಿನ ಜಾಗಕ್ಕೆ ರಟ್ಟು ಕಟ್ಟಿದ್ದಳು.

"ಕೋರ್ಟಿಗೆ ಒಂದ್ ಸಲ ಬರ್ಬೇಕಮ್ಮ."

"ಬಸ್ಸೇನೋ ಫ್ರೀ. ಅಂಗಡಿ ಯಾರ್ ಕಾಯ್ತಾರೆ?"

"ದಂಡದಲ್ಲಿ ನಿಮ್ಮ ಪಾಲು ಬಂತಾ?"

"ಯಾವ ದಂಡ?" ಎಂದಳು ಪಿಳ್ಳಮ್ಮ. "ಭವನಕ್ಕೆ ಹೋಯ್ತಂತೆ. ನನ್ನ ಮೊಮ್ಮಗಳ ಮದುವೆಗೆ ಬಾಡಿಗೆ ಇಲ್ದೆ ಕೊಡ್ತಾರಂತೆ. ಅವಳಿಗಿನ್ನೂ ನಾಲ್ಕು ವರ್ಷ." ನರೇಶನನ್ನು ಮೇಲಿಂದ ಕೆಳಗೆ ನೋಡಿ, "ನೀನು ಅವತ್ತು ಬಂದಿರ್ಲಿಲ್ಲ ಅಲ್ವಾ?" ಎಂದಳು.

"ಇಲ್ಲ."

"ನಂಗೊತ್ತಿತ್ತು. ಹೆಸರು ಬರೆಯೋರು ಕೇಳಿದ್ರು, ಗೊತ್ತಿದ್ದ ಹೆಸ್ರೆಲ್ಲ ಹೇಳ್ದೆ, ನಿಂದೂ. ಹೂಂ, ಬರ್ತೀನಿ ಬಿಡು."

ಮಾರ್ಚ್‌ನಲ್ಲಿ ರಾಜಿಯಾಯಿತು. ಏಪ್ರಿಲ್‌ನಲ್ಲಿ ಪರಿಶೀಲನೆ ಮುಗಿಯಿತು. ಜುಲೈನಲ್ಲಿ ನರೇಶನಿಗೆ ನೇಮಕ ಆದೇಶ ಬಂತು. ಪಾವಗಡದ ಕಡೆ ಪೋಸ್ಟಿಂಗ್. ಮೊದಲ ಸಂಬಳದಲ್ಲಿ ತಾಯಿಗೆ ಐದು ಮೂಟೆ ಬೂಸಾ ತಂದುಕೊಟ್ಟ.

"ನಮ್ಮನೆಗೆ ತಂದೆ," ಎಂದಳು ಲಕ್ಷ್ಮೀದೇವಮ್ಮ. "ಉಳಿದ ಮನೆಗೆ?"

ಉಳಿದ ಮನೆಗಳಲ್ಲಿ ಬಟವಾಡೆ ಅರ್ಧ ಬಂದ ತಿಂಗಳೇ ಹಿಂಡಿ ನಿಂತಿತ್ತು. ಹಿಂಡಿ ನಿಂತ ಮೇಲೆ ಹಾಲು ಇಳಿಯಿತು. ಹಾಲು ಇಳಿದ ಮೇಲೆ ಭಾನುಪ್ರಕಾಶನಿಗೆ ಹೋಗುವ ಅರ್ಧ ಬಡ್ಡಿಗೂ ಸಾಲದಾಯಿತು. ಗಂಗಣ್ಣ ಮತ್ತೆ ಎಲ್ಲರನ್ನೂ ಅದೇ ಮಹಡಿಯಲ್ಲಿ ಕೂರಿಸಿದ. ಅರ್ಧದ ಬದಲು ಕಾಲು ಭಾಗ, ಒಂಬತ್ತು ವರ್ಷ ಎಂದು ಹೊಸ ಒಪ್ಪಂದವಾಯಿತು. ನರೇಶ ಹೋಗಲಿಲ್ಲ. ಅವನಿಗೆ ಪರೀಕ್ಷಾ ಕೆಲಸವಿತ್ತು. ಆ ಒಪ್ಪಂದ ಏಳು ತಿಂಗಳು ನಡೆಯಿತು. ಸೈಟುಗಳು ಹೋಗುತ್ತಿಲ್ಲ, ತನಗೇ ದುಡ್ಡಿನ ಮುಗ್ಗಟ್ಟು ಎಂದು ಭಾನುಪ್ರಕಾಶ ನರೇಶನ ಪಾಠದ ಅಮೆರಿಕದವರ ಹಾಗೇ ಇದ್ದಬದ್ದ ಸಾಲವನ್ನೆಲ್ಲ ಒಮ್ಮೆಗೇ ಕೇಳಿದ. ಸಿಗದಾಗ ಚಿಕ್ಕವೆಂಕಟಪ್ಪನ ಜಮೀನಿಗೆ ಬೇಲಿ ಹಾಕಿಸಿದ.

ನರೇಶ ಭಾನುವಾರ ಊರಿಗೆ ಬಂದು ದೊಡ್ಡಪ್ಪನ ಮನೆಗೆ ಹೋದ. ಪ್ರತಿ ತಿಂಗಳೂ ಸಂಬಳದಲ್ಲಿ ಇಷ್ಟು ಕೊಡುತ್ತೇನೆ ಎಂದ.

"ಕಂತಿನ ಮೇಲಾ?" ಎಂದು ಕೇಳಿದ ಚಿಕ್ಕವೆಂಕಟಪ್ಪ. ಎದ್ದು ಒಳಗೆ ಹೋದ. ಅವನ ಸೊಸೆ ಕಾಫಿ ತಂದುಕೊಟ್ಟಳು. ನರೇಶ ಕುಡಿದು ಬಂದ.

ಜಗಳಕ್ಕೆ ಮುಂಚೆ ಹುಣಸೆಕುಂಟೆಯಲ್ಲಿ ಕರೆಯುವ ಹಸು ಐವತ್ತೆಂಟು ಇದ್ದವು. ಒಂದೊಂದಾಗಿ ಮಾರಿ ಈಗ ಉಳಿದದ್ದು ಹದಿಮೂರು. ಕೊಟ್ಟ ಸಾಲ ವಾಪಸು ಬಾರದೆ ಹೆಂಗಸರ ಮೂರು ಸಂಘಗಳಲ್ಲಿ ಎರಡು ಮುಚ್ಚಿವೆ. ಒಟ್ಟು ಹೋದದ್ದು: ನಲವತ್ತೈದು ಹಸು, ಎರಡು ಸಂಘ, ಹನ್ನೆರಡು ಗುಂಟೆ.